ವರದಿಗೆ ಎದ್ದ ದಡಾರ

ಆಸ್ಪತ್ರೆಯ ಆಡಳಿತ ಕೊಠಡಿಯಲ್ಲಿ ಅಂದು ಲೋಕದ ಅಳಿವು ಉಳಿವಿನ ಪ್ರಶ್ನೆಯೊಂದು ಮೇಜಿಗೆ ಬಂದಿತ್ತು: ಕಂಪ್ಯೂಟರ್‌ಗಳಿಗೆ ಕಳ್ಳರು ನುಗ್ಗದಂತೆ ಕಾಯುವ ಫೈರ್‌ವಾಲ್‌ನ ವರದಿಯಲ್ಲಿ ಕೆಂಪು ಬಣ್ಣ ಇರಬಹುದೇ?

“ಏನಮ್ಮಾ ಇದು, ದಡಾರ ಎದ್ದ ಹಾಗೆ?” ವ್ಯವಸ್ಥಾಪಕರು ಹಾಳೆಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದರು. “ನಾಳೆ ತಪಾಸಣೆಯವರು ಬರ್ತಾರೆ. ಎಲ್ಲಾ ಹಸಿರು ಮಾಡಿ ಸಹಿ ಹಾಕು.”

ನೆಟ್‌ವರ್ಕ್ ನೋಡಿಕೊಳ್ಳುವವಳಿಗೆ ಮೈಯೆಲ್ಲ ಉರಿಯಿತು. “ಕೆಂಪು ನಾನು ಬಳಿದಿದ್ದಲ್ಲ ಸರ್. ಮೂರು ದಿನದಿಂದ ಯಾರೋ ಹೊರಗಿನವರು ನಿಮ್ಮ ಪಾಸ್‌ವರ್ಡ್ ಹಾಕಿ ರೋಗಿಗಳ ಕಡತ ಹೊತ್ಕೊಂಡು ಹೋಗ್ತಿದ್ದಾರೆ. ನಿಮ್ಮ ಖಾತೆ ಮುಚ್ಚೋಕೆ ಒಪ್ಪಿಗೆ ಕೇಳಿ ದಿನಾ ವರದಿ ಕಳಿಸಿದ್ದೆ.”

“ಅದನ್ನೆಲ್ಲಾ ಓದೋಕೆ ಪುರುಸೊತ್ತೆಲ್ಲಿ? ಸಹಿ ಹಾಕು, ಇಲ್ಲಾ ಕೆಲಸ ಬಿಡು.”

ಜನರ ಕಾಯಿಲೆಯ ಗುಟ್ಟು ಬೀದಿಪಾಲಾಗುತ್ತಿರುವಾಗ ಇವರಿಗೆ ಬಣ್ಣದ ಚಿಂತೆ! ಅವರು ಚಾಚಿದ ಪೆನ್ನನ್ನು ಬದಿಗೆ ಸರಿಸಿ, ಅವಳು ಲ್ಯಾಪ್‌ಟಾಪ್ ತೆರೆದು ಎರಡು ಗುಂಡಿ ಒತ್ತಿದಳು. ವ್ಯವಸ್ಥಾಪಕರ ಖಾತೆ ಬಂದ್ ಆಯಿತು, ಕಳ್ಳನ ದಾರಿಯೂ ಬಂದ್ ಆಯಿತು. ಸಂಜೆಗೆ ಅವಳ ಕೆಲಸ ಹೋಯಿತು.