ಕುಲುಮೆಯ ಬುಡದ ಹೆಣ್ಣು

ಬೆಂಕಿ ಹಳದಿಗೆ ತಿರುಗಲೇ ಇಲ್ಲ. ಶೇಷಪ್ಪ ಮೊಣಕಾಲೂರಿ ಮಣ್ಣಿನ ಒಲೆಯ ಕಂಡಿಯಲ್ಲಿ ಕಣ್ಣಿಟ್ಟ. ಒಳಗೆ ಇನ್ನೂ ಕೆಂಪು. ಬೆಳಗಿನಿಂದ ಆರು ತಾಸಾಗಿತ್ತು.

“ಇನ್ನೂ ಜೋರಾಗಿ ಒತ್ತೇ.”

ಹೆಂಡತಿ ಮಾಸ್ತಮ್ಮ ತಿದಿಯ ಮೇಲೆ ಮೈಭಾರವನ್ನೆಲ್ಲ ಹಾಕಿದಳು. “ಒತ್ತಾಕೆ ಇನ್ನೊಂದು ಜೀವ ತರ್ಲಾ? ಇರೋದನ್ನೇ ಒತ್ತೀನಿ.”

ನಾಳೆ ಗಡುವು ಮುಗಿಯುತ್ತದೆ. ಕುಪ್ಪಗಡ್ಡೆಯ ಹೊರಗೆ ಕಮ್ಮಾರರ ಆರು ಮನೆಗಳು. ಅವುಗಳ ಹಿಂದೆ, ಕಬ್ಬಿಣ ಕರಗಿಸಿ ಉಳಿದ ಕಿಟ್ಟದ ಹಳೆಯ ದಿಬ್ಬ. ಹೋದ ತಿಂಗಳು ಪುರಾತತ್ವ ಇಲಾಖೆಯವರು ದಿಬ್ಬ ಅಗೆದಾಗ ಗೇಣುದ್ದದ ಕಬ್ಬಿಣದ ಹೆಣ್ಣೊಂದು ಸಿಕ್ಕಿತು. ಸೊಂಟದ ಮೇಲೆ ಕೊಡ. ಆಗಲೇ ಅದನ್ನು ಡಬ್ಬಿಯಲ್ಲಿಟ್ಟು ಒಯ್ದರು. ನಾಲ್ಕು ದಿನ ಬಿಟ್ಟು ಪತ್ರಿಕೆಯಲ್ಲಿ ಎದುರಿನಿಂದ ತೆಗೆದ ದೊಡ್ಡ ಚಿತ್ರ ಬಂತು. ಮಾಸ್ತಮ್ಮ ಅದನ್ನು ಅನ್ನದ ಅಗುಳಲ್ಲಿ ಗೋಡೆಗೆ ಅಂಟಿಸಿದಳು.

ಇದು ಕಾರ್ಖಾನೆಯ ಕಬ್ಬಿಣವಲ್ಲ, ಕಲ್ಲನ್ನು ಇದ್ದಿಲಲ್ಲಿ ಸುಟ್ಟು ತೆಗೆದದ್ದು, ಅದನ್ನು ಬಲ್ಲವರು ಈಗ ಯಾರೂ ಇಲ್ಲ, ಆದ್ದರಿಂದ ಎಂಟುನೂರು ವರ್ಷವಾದರೂ ಹಳೆಯದು ಎಂದು ಇಲಾಖೆ ಬರೆಯಿತು. ದಿಬ್ಬಕ್ಕೆ ಬೇಲಿ ಬೀಳಬೇಕು. ಬೇಲಿಯೊಳಗೆ ಆರೂ ಮನೆ. ಒಂದು ತಿಂಗಳಲ್ಲಿ ಖಾಲಿ ಮಾಡಿ ಎಂದು ನೋಟಿಸು ಬಂತು. ಶೇಷಪ್ಪನ ಮಗಳು ಸುಷ್ಮಿತಾ ಒಳಗೆ ಹಸಿ ಬಾಣಂತಿ.

ನೋಟಿಸು ಬಂದ ಮರುದಿನವೇ ಶೇಷಪ್ಪ ಸೊರಬದ ಕಚೇರಿಗೆ ಹೋಗಿ ನಿಂತಿದ್ದ.

“ಆ ಹೆಣ್ಣು ನಾನು ಮಾಡಿದ್ದು ಮೇಡಂ. ಒಲೆ ಹೂಡೋ ಮುಂಚೆ ಅದರ ಬುಡದಾಗೆ ಒಂದು ಹೆಣ್ಣು ಹೂಳಬೇಕು. ಆಗಲೇ ಒಲೆ ಹೆರೋದು. ನಮ್ಮಜ್ಜನ ಪದ್ಧತಿ. ಹನ್ನೊಂದು ವರ್ಷದ ಹಿಂದೆ ನಾನೇ ಹೂತೆ.”

ಅಧಿಕಾರಿ ಶ್ರೀವಾಣಿ ತಲೆಯೆತ್ತಿ ಅವನನ್ನು ನೋಡಿದ್ದರು. “ಹಾಗಾದರೆ ಇನ್ನೊಂದು ಮಾಡಿ ತೋರಿಸಿ. ಕಲ್ಲಿನಿಂದ ಹಿಡಿದು.”

“ಗಡುವಿನ ತನಕ ಟೈಮ್ ಕೊಡ್ರಿ. ಕಲ್ಲು ಆರಿಸ್ಬೇಕು, ಇದ್ದಿಲು ಸುಡಬೇಕು.”

ಈಗ ಶ್ರೀವಾಣಿ ಒಲೆಯಿಂದ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ತೊಡೆಯ ಮೇಲೆ ಆ ಹೆಣ್ಣಿದ್ದ ಮರದ ಡಬ್ಬಿ.

“ಒಮ್ಮೆ ನೋಡ್ತೀರಾ?”

“ಬ್ಯಾಡ್ರಿ. ಮಾಡಿದ ಕೈಗೆ ನೋಡೋದೇನೈತೆ?”

ಶಿರಾಳಕೊಪ್ಪದಲ್ಲಿ ಗ್ರಿಲ್ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಚೌಡೇಶನೂ ಬಂದಿದ್ದ. ಬೇಲಿಯ ಗುತ್ತಿಗೆ ಅವನದು. “ಶೇಷಣ್ಣಾ, ನೀನು ಲಾರಿ ಸ್ಪ್ರಿಂಗ್ ಪಾಟಾ ಕಾಸಿ ಕತ್ತಿ ಬಡಿಯೋದು ಸಣ್ಣೋನಿದ್ದಾಗಿಂದ ನೋಡೀನಿ. ಕಲ್ಲು ಕರಗಿಸಿದ್ದು ಯಾವತ್ತೋ ಮಾರಾಯ?”

“ನೀನು ಆ ಕಪ್ಪು ಕನ್ನಡಕ ತೆಗೆದಿದ್ರೆ ಕಾಣ್ತಿತ್ತು.”

ಜನ ನಕ್ಕರು. ಶ್ರೀವಾಣಿ ನಗಲಿಲ್ಲ. ಶೇಷಪ್ಪನ ಮೊಣಕೈವರೆಗೂ ಎದ್ದಿದ್ದ ಹೊಸ ಬೊಬ್ಬೆಗಳನ್ನು ನೋಡುತ್ತಿದ್ದರು. ನೀರು ಕುಡಿಯಲು ಹೋದಾಗ ಹಿತ್ತಲಲ್ಲಿ ಹುಲ್ಲು ಮುಚ್ಚಿದ ಎರಡು ಒಡೆದ ಒಲೆಗಳನ್ನೂ ಕಂಡಿದ್ದರು.

ಮಧ್ಯಾಹ್ನ ದಾಟಿತು. ಮಾಸ್ತಮ್ಮನ ಅಂಗೈ ಸುಲಿದು ತಿದಿಯ ಹಿಡಿ ಒದ್ದೆಯಾಯಿತು. ಅವಳು ಸೆರಗು ಸುತ್ತಿಕೊಂಡು ಮತ್ತೆ ಒತ್ತಿದಳು. ಇದ್ದ ಇದ್ದಿಲು ಇನ್ನೆರಡು ಬುಟ್ಟಿ. ಇದೂ ಕೆಟ್ಟರೆ ಬೇರೆ ಒಲೆ ಕಟ್ಟಲು ದಿನವಿಲ್ಲ. ಶೇಷಪ್ಪನ ತುಟಿ ಒಣಗಿ ಬಿರಿದಿತ್ತು. ಯಾವ ದೇವರ ಹೆಸರನ್ನೂ ಅವನು ಹೇಳಲಿಲ್ಲ. “ಅಜ್ಜ, ಅಜ್ಜ,” ಎನ್ನುತ್ತಿದ್ದ.

ಕೊನೆಯ ಬುಟ್ಟಿ ಸುರಿದ ಮೇಲೆ ಬೆಂಕಿ ಹಳದಿಯಾಯಿತು. ಕೆಳಗಿನ ತೂತಿನಿಂದ ಕಿಟ್ಟ ಕರಗಿದ ಬೆಲ್ಲದ ಹಾಗೆ ಹರಿಯಿತು. ಶೇಷಪ್ಪ ಹಾರೆಯಿಂದ ಒಲೆಯ ಎದೆ ಒಡೆದು, ತೆಂಗಿನಕಾಯಿ ಗಾತ್ರದ ಕೆಂಡದುಂಡೆಯನ್ನು ಇಕ್ಕಳದಲ್ಲಿ ಎಳೆದು ಸುತ್ತಿಗೆ ಎತ್ತಿದ. ಒಂದು ಪೆಟ್ಟು. ಎರಡು. ಉಂಡೆ ಪುಡಿಯಾಗಲಿಲ್ಲ. ಅವನು ಸುತ್ತಿಗೆ ಬಿಟ್ಟು ಮುಖ ಮುಚ್ಚಿಕೊಂಡ.

“ನೋಡ್ರೋ,” ಎಂದ ಚೌಡೇಶ. “ಚೊಚ್ಚಲ ಹೆತ್ತೋರ ಹಂಗೆ ಅಳ್ತಾನೆ.”

ಮರುದಿನ ಪೂರ್ತಿ ಬಡಿತ. ಉಂಡೆ ಕಂಬಿಯಾಯಿತು, ಕಂಬಿ ಸೊಂಟವಾಯಿತು, ಮೂಗಾಯಿತು, ಬೈತಲೆಯಾಯಿತು. ಇಳಿಹೊತ್ತಿಗೆ ಅವನು ಅದನ್ನು ನೀರಿಗದ್ದಿ ತೆಗೆದು ಕಲ್ಲಿನ ಮೇಲೆ ಮಲಗಿಸಿದ. ಶ್ರೀವಾಣಿ ಡಬ್ಬಿ ತೆರೆದು ಪಕ್ಕದಲ್ಲಿಟ್ಟರು. ಹಳೆಯದು ಹತ್ತಿಯಲ್ಲಿ ಅಂಗಾತ ಮಲಗಿತ್ತು. ಅದೇ ಕೊಡ. ಅದೇ ಮೊಂಡು ಮೂಗು. ಎಡಗಣ್ಣು ಕೊಂಚ ಕೆಳಗೆ, ಎರಡರಲ್ಲೂ.

“ಅವಳಿಜವಳಿ!” ಎಂದರು ಯಾರೋ. ಚೌಡೇಶ ಕನ್ನಡಕ ತೆಗೆದು ಬಗ್ಗಿ ನೋಡಿದ.

ಶ್ರೀವಾಣಿ ಹೊಸದನ್ನು ಕೈಗೆತ್ತಿಕೊಂಡು ಹೊರಳಿಸಿದರು. ಬೆನ್ನು ಹಲಗೆಯ ಹಾಗೆ ನುಣ್ಣಗಿತ್ತು. ಅದರ ಮೇಲೆ ಬೆರಳಾಡಿಸುತ್ತ ತುಂಬ ಹೊತ್ತು ನಿಂತರು. ಮಾಸ್ತಮ್ಮ ಸುಲಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಒಳಗೆ ಸುಷ್ಮಿತಾಳ ಕೂಸು ಅತ್ತಿತು.

“ಯಾಕ್ರಿ ಮೇಡಂ?” ಶೇಷಪ್ಪ ಒಂದು ಹೆಜ್ಜೆ ಮುಂದೆ ಬಂದ.

“ಏನಿಲ್ಲ. ಈ ಕಬ್ಬಿಣ ಮಾಡೋರು ಈಗಲೂ ಇದ್ದಾರೆ. ಕಣ್ಣಾರೆ ನೋಡಿದೆ. ಹಾಗೇ ಬರೀತೀನಿ.”

ಬರೆದರು. ಗೊಂಬೆ ಇತ್ತೀಚಿನದು, ಮಾಡಿದವನು ಶೇಷಪ್ಪ, ಬೇಲಿ ಬೇಕಿಲ್ಲ. ರುಜು ಹಾಕಿ ಹಾಳೆಯನ್ನು ಎಲ್ಲರಿಗೂ ಓದಿ ಹೇಳಿದರು. ಆಮೇಲೆ ಹಳೆಯದನ್ನು ತಾವೇ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದರು.

“ಹೊಸದು ನನ್ನ ಹತ್ತಿರ ಇರಲಿ. ಇದು ನಿಮ್ಮ ಮನೇದೇ. ಜೋಪಾನ. ಒಬ್ಬರೇ ಇದ್ದಾಗ ಬಿಚ್ಚಿ.”

ಜೀಪು ಹೋಯಿತು. ಜನ ಕರಗಿದರು. ಶೇಷಪ್ಪ ಒಡೆದ ಒಲೆಯ ಪಕ್ಕ ಕುಳಿತು ಗಂಟು ಬಿಚ್ಚಿದ. ಕೊಡ, ಮೂಗು, ಕೆಳಗಿಳಿದ ಎಡಗಣ್ಣು. ಹೊರಳಿಸಿದ.

ಅವಳ ಬೆನ್ನಿಗೆ, ಸೀರೆಯ ಜೋಲಿಯಲ್ಲಿ, ಒಂದು ಕೂಸು ಮಲಗಿತ್ತು. ಶೇಷಪ್ಪ ಅದನ್ನು ಕಂಡದ್ದು ಅಂದೇ ಮೊದಲು.