ಸ್ಟೋರ್‌ಕೀಪರ್ ಖಾದರ್ ಬಾಷಾ ಸೋತದ್ದು

ಗಂಗಾದೇವಿ ಬರೆದದ್ದು ಹನ್ನೆರಡು. ಹಾಳೆಯ ಮೇಲೆ ಈಗ ಇದ್ದದ್ದು ಇಪ್ಪತ್ತಾರು.

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಯಾರೋ ಹನ್ನೆರಡನ್ನು ಬ್ಲೇಡಿನಿಂದ ನಾಜೂಕಾಗಿ ಕೆರೆದು, ಅದೇ ನೀಲಿ ಶಾಯಿಯಲ್ಲಿ ಇಪ್ಪತ್ತಾರು ಬರೆದಿದ್ದರು. ಕಂಪ್ಯೂಟರ್ ಕೋಣೆಗೆ ಇದ್ದದ್ದು ಎರಡೇ ಬೀಗದ ಕೈ. ಒಂದು ಅವಳ ಬ್ಯಾಗಿನಲ್ಲಿ. ಇನ್ನೊಂದು ಸ್ಟೋರ್‌ಕೀಪರ್ ಖಾದರ್ ಬಾಷಾ ಅವರ ಸೊಂಟದ ಗೊಂಚಲಿನಲ್ಲಿ.

‘ಮುದುಕ ಶುರು ಹಚ್ಕೊಂಡಾನ,’ ಅಂದುಕೊಂಡಳು.

ಅದು ೧೯೮೭. ಟಿ. ದಾಸರಹಳ್ಳಿಯ ಆ ಪಂಪ್ ಫ್ಯಾಕ್ಟರಿಗೆ ಕಂಪ್ಯೂಟರ್ ಬಂದು ಆರು ವಾರವಾಗಿತ್ತು. ಹುಬ್ಬಳ್ಳಿಯ ಗಂಗಾದೇವಿ ಅದರ ಜತೆಗೇ ಕೆಲಸಕ್ಕೆ ಸೇರಿದವಳು. ಇಬ್ಬರಿಗೂ ಮಾಲೀಕ ವೆಂಕಟರಾಮಯ್ಯನವರು ಕೊಟ್ಟದ್ದು ಮೂರು ತಿಂಗಳ ಗಡುವು. ಮುಂದಿನ ತಿಂಗಳು ಎಷ್ಟು ಪಂಪು ಬೇಕು ಎಂದು ಹೇಳಿದರೆ ಸಾಕು. ಯಾವ ಭಾಗ ಎಷ್ಟು ಕಡಿಮೆ ಬೀಳುತ್ತದೆ, ಅದನ್ನು ಯಾವ ದಿನ ತರಿಸಬೇಕು ಎಂದು ಯಂತ್ರ ಪಟ್ಟಿ ಮಾಡಿ ಕೊಡುತ್ತಿತ್ತು. ಆದರೆ ಆರ್ಡರ್ ಕೊಟ್ಟ ಎಷ್ಟು ದಿನಕ್ಕೆ ಯಾವ ಸಾಮಾನು ಬರುತ್ತದೆ ಎಂದು ಮೊದಲು ಅದಕ್ಕೆ ತಿಳಿಸಬೇಕು. ಪಂಪಿನ ನೀರು ಸೋರದಂತೆ ತಡೆಯುವ ರಬ್ಬರ್ ಸೀಲಿಗೆ ಹನ್ನೆರಡು ದಿನ ಎಂದು ಮಾರುವವರ ಕಾಗದದಲ್ಲೇ ಅಚ್ಚಾಗಿತ್ತು.

ಇಷ್ಟು ವರ್ಷ ಇದೆಲ್ಲ ಇದ್ದದ್ದು ಬಾಷಾ ಅವರ ತಲೆಯಲ್ಲಿ. ಹತ್ತೊಂಬತ್ತು ವರ್ಷ. ಈದ್ ದಿನವೂ ಮಾಲೀಕರ ಕಾರು ಅವರ ಮನೆ ಮುಂದೆ ನಿಂತಿರುತ್ತಿತ್ತು. ಶೀರ್‌ಕುರ್ಮಾ ಪಾಯಸದ ಬಟ್ಟಲು ಅರ್ಧಕ್ಕೇ ಬಿಟ್ಟು ಬಂದು ಬೇರಿಂಗ್ ಎಲ್ಲಿದೆ ಎಂದು ತೋರಿಸಿದವರು. ಅಂಥ ಗೌರವವನ್ನು ಯಾರು ತಾನೇ ಯಂತ್ರಕ್ಕೆ ಬಿಟ್ಟುಕೊಡುತ್ತಾರೆ?

ಮೊದಲ ದಿನವೇ ಅವರು ಕೇಳಿದ್ದರು: “ಇದು ಕೆಲ್ಸ ಕಲ್ತ್ಬಿಟ್ರೆ ನಾನು ಮನೇಲಿ ಕೂರ್ಬಹುದು, ಅಲ್ವಾ ಮೇಡಂ?”

ಕುಹಕ ಅವಳಿಗೆ ಅರ್ಥವಾಗದೇ ಇರಲಿಲ್ಲ.

ಅವಳು ಇಪ್ಪತ್ತಾರನ್ನು ಹೊಡೆದುಹಾಕಿ ಹನ್ನೆರಡನ್ನೇ ಯಂತ್ರಕ್ಕೆ ಊಡಿಸಿದಳು. ಯಂತ್ರ ಹೇಳಿದ ದಿನವೇ ಸೀಲಿಗೆ ಆರ್ಡರ್ ಹೋಯಿತು. ಸೀಲು ಬಂದದ್ದು ಮಾತ್ರ ಇಪ್ಪತ್ತಾರನೇ ದಿನಕ್ಕೆ. ಅಷ್ಟರಲ್ಲಿ ಪಂಪ್ ಜೋಡಿಸುವವರು ಎರಡು ದಿನ ಕೈಕಟ್ಟಿ ಕೂತು ಚೌಕಾಬಾರ ಆಡಿದ್ದರು.

ಗಂಗಾದೇವಿಗೆ ಮೈಯೆಲ್ಲ ಉರಿಯಿತು. ಬಾಷಾ ಅವರೇ ಸೀಲಿನವರಿಗೆ ಫೋನು ಮಾಡಿ ತಡೆ ಹಿಡಿಸಿದ್ದಾರೆ, ಇನ್ನೇನು!

ವೆಂಕಟರಾಮಯ್ಯ ಇಬ್ಬರನ್ನೂ ಕರೆದರು. “ಸೋಮವಾರ ಇಬ್ರೂ ಒಂದೊಂದ್ ಪಟ್ಟಿ ತನ್ನಿ. ಬಾಷಾದು ಒಂದು, ಮಿಷನ್‌ದು ಒಂದು. ಮಿಷನ್ ಸೋತ್ರೆ ಅದನ್ನ ವಾಪಸ್ ಕಳಿಸ್ತೀನಿ.” ಆಮೇಲೆ ಗಂಗಾದೇವಿಯ ಕಡೆ ತಿರುಗಿದರು. “ನಿಮ್ಮನ್ನೂ ಕಣಮ್ಮಾ.”

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಬಂದಾಗ ಹಾಳೆಗಳಲ್ಲಿ ಏಳು ಅಂಕಿ ಬದಲಾಗಿದ್ದವು. ಈ ಸಲ ಅವಳು ಹೊಡೆದುಹಾಕಲಿಲ್ಲ. ಸಾಕ್ಷಿ ಬೇಕಿತ್ತು. ಹಾಳೆ ಹಿಡಿದು ನೇರ ಗೊರಗುಂಟೆಪಾಳ್ಯದ ಬಸ್ಸು ಹತ್ತಿದಳು. ಪಂಪಿನ ಕಬ್ಬಿಣದ ಕವಚ ಎರಕ ಹೊಯ್ದು ಕೊಡುವ ಪಿಳ್ಳಪ್ಪನವರ ಫೌಂಡ್ರಿ ಅಲ್ಲಿತ್ತು.

“ಕವಚಕ್ಕ ಹತ್ತು ದಿನ ಅಂತ ನಿಮ್ಮ ಕಾಗದದಾಗ ಐತ್ರಿ. ಇಲ್ಲಿ ಯಾರೋ ಇಪ್ಪತ್ತೊಂದು ಅಂತ ತಿದ್ಯಾರ. ಯಾವುದು ಖರೇ?”

ಪಿಳ್ಳಪ್ಪ ಗಹಗಹಿಸಿ ನಕ್ಕರು. “ಕಾಗ್ದದಲ್ಲಿ ಹತ್ತು ಅಂತ ಬರೀದಿದ್ರೆ ಆರ್ಡರ್ ಯಾರ್ ಕೊಡ್ತಾರೆ ಮೇಡಂ? ಆಗೋದು ಇಪ್ಪತ್ತೊಂದೇ. ಇದನ್ನ ತಿದ್ದಿರೋನು ನಮ್ ಕಷ್ಟ ತಿಳ್ದೋನು ಕಣ್ರೀ!”

ಅವಳು ತಲೆ ಕೆರೆದುಕೊಂಡು ವಾಪಸ್ಸಾದಳು. ಕೆಡಿಸಲು ಬಂದವನು ಸರಿ ಅಂಕಿ ಯಾಕೆ ಬರೆದಾನು? ಉಳಿದ ಆರರಲ್ಲಿ ಮೋಸವಿದ್ದರೆ? ಭಾನುವಾರವೆಲ್ಲ ಗಂಗಾನಗರದ ತನ್ನ ಬಾಡಿಗೆ ಕೋಣೆಯಲ್ಲಿ ಶತಪಥ ತಿರುಗಿದಳು. ಕೊನೆಗೆ ಆದದ್ದಾಗಲಿ ಎಂದು ಸೋಮವಾರ ಬೆಳಿಗ್ಗೆ ಏಳನ್ನೂ ಇದ್ದಂತೆಯೇ ಊಡಿಸಿದಳು.

ಮಾಲೀಕರು ಮೊದಲು ಯಂತ್ರದ ಪಟ್ಟಿ ಹಿಡಿದು ಮೂವರು ಮಾರಾಟಗಾರರಿಗೆ ಫೋನು ಹಚ್ಚಿದರು. “ದೇವ್ರಾಣೆ ನಿಜ ಹೇಳ್ರಿ, ಎಷ್ಟು ದಿನ?” ಮೂವರೂ ಯಂತ್ರದ ಮಾತನ್ನೇ ಹೇಳಿದರು.

ಆಮೇಲೆ ಬಾಷಾ ಅವರ ಪಟ್ಟಿ ಹಿಡಿದು ಎಲ್ಲರೂ ಸ್ಟೋರ್ಸಿಗೆ ನಡೆದರು. ಇನ್ನೂರು ಶಾಫ್ಟ್ ತರಿಸಬೇಕು ಎಂದಿತ್ತು. ಆಗಲೇ ಮುನ್ನೂರು ಶಾಫ್ಟ್ ಮೂಲೆಯಲ್ಲಿ ಸೂರು ಮುಟ್ಟುವಂತೆ ಪೇರಿಸಿದ್ದರು. ಬೇರಿಂಗಿನ ಹೆಸರೇ ಪಟ್ಟಿಯಲ್ಲಿರಲಿಲ್ಲ. ಅದರ ಗೂಡು ಖಾಲಿ.

ಬಾಷಾ ತಲೆ ತಗ್ಗಿಸಿ ನಿಂತಿದ್ದರು. ವೆಂಕಟರಾಮಯ್ಯ ಅವರ ಹೆಗಲ ಮೇಲೆ ಕೈಯಿಟ್ಟು ಏನೋ ಪಿಸುಗುಟ್ಟಿ, ಕರೆದುಕೊಂಡು ತಮ್ಮ ಕೋಣೆಗೆ ಹೋದರು.

ಗೆದ್ದ ಗಂಗಾದೇವಿ ಬಾಷಾ ಹೊರಗೆ ಬರುವುದನ್ನೇ ಕಾದಿದ್ದು ಹಿಂದೆ ಓಡಿದಳು.

“ಬಾಷಾ ಸಾಹೇಬ್ರ, ಖರೇ ಹೇಳ್ರಿ. ಅಂಕಿ ತಿದ್ದಿದವ್ರು ನೀವ. ನಿಮ್ಮ ಪಟ್ಟಿನೂ ಬೇಕಂತ ಕೆಡಿಸೀರಿ. ನನಗ ನೇರ ಹೇಳಿದ್ರ ಆಗ್ತಿರಲಿಲ್ಲೇನ್ರಿ?”

“ಹೇಳಿದ್ರೆ ಮಾಲೀಕ್ರು, ‘ನೋಡಿ, ಮಿಷನ್‌ಗೂ ಬಾಷಾನೇ ಬೇಕು’ ಅಂತಿದ್ರು.”

“ಆದ್ರ ನಿಮ್ಮ ಕೆಲಸ?”

ಬಾಷಾ ಬೀಗದ ಕೈ ಗೊಂಚಲನ್ನು ಅವಳ ಕೈಗಿಟ್ಟು ಗೇಟಿನ ಕಡೆ ನೋಡಿದರು. ಅಲ್ಲಿ ಅವರ ಹೆಂಡತಿ ಅಕ್ಬರಿ, ಈ ಬಿಸಿಲಲ್ಲೂ ಹೊಸ ಸ್ವೆಟರ್ ತೊಟ್ಟು, ಟ್ರಂಕಿನ ಮೇಲೆ ಕೂತಿದ್ದಳು.

“ಹತ್ತೊಂಬತ್ತು ವರ್ಷದಲ್ಲಿ ಮೊದಲ್ನೇ ಸಲ ರಜಾ ಕೊಟ್ರು ಮೇಡಂ,” ಎಂದರು ಬಾಷಾ, “ಊಟಿ ಬಸ್ಸು ಎರಡು ಗಂಟೆಗೆ.”