ಚಿಕ್ಕಮ್ಮನ ‘ಬೇಕು’

ಈಗಲೂ ಎಲ್ಲಾದರೂ ಸಾಸಿವೆ ಎಣ್ಣೆಯ ಘಾಟು ಮೂಗಿಗೆ ಬಡಿದರೆ ಸಿದ್ದಾಪುರದ ನಮ್ಮ ಅಡುಗೆಮನೆ ನೆನಪಾಗುತ್ತದೆ.

ಚಿಕ್ಕಪ್ಪ ಒಡಿಶಾದ ಹುಡುಗಿಯನ್ನು ಮದುವೆಯಾಗಿ ಕರೆತಂದಿದ್ದ. ಹೊಸ ಚಿಕ್ಕಮ್ಮನಿಗೆ ಕನ್ನಡ ಕಲಿಸುವ ಕೆಲಸ ಎರಡನೇ ಕ್ಲಾಸಿನ ನನ್ನದು. ನೀರು, ಉಪ್ಪು, ಸೌಟು ಎಂದು ಒಂದೊಂದನ್ನೇ ಮುಟ್ಟಿ ಹೇಳಿಕೊಡುತ್ತಿದ್ದೆ. ಎಲ್ಲಕ್ಕಿಂತ ಮೊದಲು ಕಲಿಸಿದ್ದು ‘ಸಾಕು’. ಆ ಮಾತು ಕೇಳದೆ ನಮ್ಮ ಮನೆಯಲ್ಲಿ ಬಡಿಸುವವರ ಕೈ ನಿಲ್ಲುತ್ತಿರಲಿಲ್ಲ. ಬಂದ ಹೊಸತರಲ್ಲಿ ಪಾಪ, ಕಣ್ಣಲ್ಲಿ ನೀರು ತುಂಬಿಕೊಂಡೇ ಅನ್ನ ಮುಗಿಸುತ್ತಿದ್ದಳು. ಕಲಿತ ಮೇಲೆ ಎಲ್ಲದಕ್ಕೂ ಅದೇ ಮಾತು. ತಂಬುಳಿಗೂ ಸಾಕು, ಹೊಸ ಸೀರೆಗೂ ಸಾಕು.

ಒಂದು ದಿನ ಅವಳು ಅರ್ಧ ಉಂಡು ಬಿಟ್ಟ ಬಾಳೆಲೆ ನೋಡಿ ಅಜ್ಜಿ ನನ್ನನ್ನು ಕೇಳಿದಳು: “ತಂಗಿ, ಸಾಕು ಹೇಳದು ಕಲ್ಸಿದ್ದೆ. ಬೇಕು ಹೇಳದು ಕಲ್ಸಿದ್ಯನೇ?”

ಕಲಿಸಿರಲಿಲ್ಲ. ಅಲ್ಲೇ ಕಲಿಸಿದೆ. ಚಿಕ್ಕಮ್ಮ ಒಗ್ಗರಣೆ ಡಬ್ಬಿಯ ಸಾಸಿವೆ ಮುಟ್ಟಿದಳು, ಎಣ್ಣೆ ಬಾಟಲಿ ಮುಟ್ಟಿದಳು, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ “ಬೇಕು” ಎಂದಳು.

ಮರುದಿನ ಚಿಕ್ಕಪ್ಪ ಶಿರಸಿ ಪೇಟೆಯೆಲ್ಲ ಹುಡುಕಿ ಸಾಸಿವೆ ಎಣ್ಣೆ ತಂದ. ತವರಲ್ಲಿ ಮಾಡುವಂತೆ ಬೇಯಿಸಿದ ಬಟಾಟೆಗೆ ಅದನ್ನು ಹಸಿಯಾಗಿಯೇ ಸುರಿದು, ಹಸಿಮೆಣಸು ಹಾಕಿ ಕಿವುಚಿ, ಚಿಕ್ಕಮ್ಮ ಮೊದಲು ಅಜ್ಜಿಗೇ ಬಡಿಸಿದಳು. ಕೊಬ್ಬರಿ ಎಣ್ಣೆ ಬಿಟ್ಟು ಬೇರೆ ಮುಟ್ಟದ ಅಜ್ಜಿ ಒಂದು ತುತ್ತು ತಿಂದಳು. ಮೂಗು ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ಚಿಕ್ಕಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಅಜ್ಜಿ ಎಲೆಯನ್ನು ಅವಳತ್ತ ಸರಿಸಿದಳು. “ಎಂತಕ್ಕೆ ನಿಲ್ಸಿದ್ದೆ? ಆನು ಇನ್ನೂ ಸಾಕು ಹೇಳಿದ್ನಿಲ್ಲೆ.”